ಫೋಮ್ ವಿಮಾನ: ರೇಡಿಯೊ ನಿಯಂತ್ರಿತ ಸಣ್ಣ ಮಾದರಿಯ ವಿನ್ಯಾಸ ಮತ್ತು ತಯಾರಿ

ಹಗುರವಾದ ಫೋಮ್ ಹಾಳೆಗಳಲ್ಲಿ ರೆಕ್ಕೆ, ಒಡಲು, ಬಾಲಗಳನ್ನು ಕತ್ತರಿಸಿ ಅಂಟಿಸಿ, ವಿದ್ಯುತ್ ಮೋಟಾರು ಕೂರಿಸಿ, ನೆಲದ ಮೇಲೆ ನಿಂತು ರೇಡಿಯೊ ಮೂಲಕ ಹಾರಿಸುವ ಚಿಕ್ಕ ವಿಮಾನವೇ ಫೋಮ್ ವಿಮಾನ. ಇದರ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಮಾನ್ಯವಾಗಿ 60 ಸೆಂ.ಮೀ.ಯಿಂದ ಒಂದೂವರೆ ಮೀಟರ್ ಇರುತ್ತದೆ. ಹಾರಲು ಸಿದ್ಧವಾದಾಗಿನ ತೂಕ 200 ಗ್ರಾಂನಿಂದ ಒಂದು ಕಿಲೋದ ಆಸುಪಾಸು. ಸಿದ್ಧ ಮಾದರಿಗಳೂ ಕಿಟ್‌ಗಳೂ ಅಂಗಡಿಯಲ್ಲಿ ಸಿಗುತ್ತವೆ. ಇಲ್ಲಿ ವಿವರಿಸಿರುವುದು ಖಾಲಿ ಕಾಗದದ ಮೇಲೆ ಅಳತೆ ಹಾಕುವಲ್ಲಿಂದ ಹಿಡಿದು ಮೈದಾನದಲ್ಲಿ ಮೊದಲ ಸಲ ಕೈಬಿಡುವ ತನಕ ಎಲ್ಲವನ್ನೂ ತಯಾರಿಸುವವರೇ ನಿರ್ಧರಿಸುವ ವಿಮಾನದ ಬಗ್ಗೆ. ವಿಮಾನಶಾಸ್ತ್ರದ ಮೂಲ ಪಾಠಗಳನ್ನು ಕೈಯಾರೆ ಕಲಿಯಲು ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಲೆಕ್ಕ ತಪ್ಪಿದ್ದರೆ ವಿಮಾನ ಕೈಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ತಿಳಿದುಹೋಗುತ್ತದೆ. ಸರಿಪಡಿಸಲು ಒಂದು ಹಾಳೆ, ಒಂದು ಸಂಜೆ ಸಾಕು.

ಹಿನ್ನೆಲೆ

ಮನುಷ್ಯರು ಕೂತು ಹಾರಿದ ವಿಮಾನಕ್ಕಿಂತ ಮಾದರಿ ವಿಮಾನ ಹಳೆಯದು. 1871ರಲ್ಲಿ ಫ್ರಾನ್ಸಿನ ಅಲ್ಫೋನ್ಸ್ ಪೆನೋ ಪ್ಯಾರಿಸ್‌ನ ಟ್ವಿಲರೀ ಉದ್ಯಾನದಲ್ಲಿ 'ಪ್ಲಾನೊಫೋರ್' ಎಂಬ ಮಾದರಿಯನ್ನು ಹಾರಿಸಿದರು. ತಿರುಚಿದ ರಬ್ಬರು ಬಿಚ್ಚಿಕೊಳ್ಳುವಾಗ ಅದರ ಪ್ರೊಪೆಲ್ಲರ್ ತಿರುಗುತ್ತಿತ್ತು. 11 ಸೆಕೆಂಡಿನಲ್ಲಿ ಅದು ಹೋದದ್ದು ಸುಮಾರು 40 ಮೀಟರ್. ಆದರೆ ಯಾರೂ ಹಿಡಿಯದೆ, ತಿದ್ದದೆ, ತನ್ನ ಸಮತೋಲನವನ್ನು ತಾನೇ ಕಾಪಾಡಿಕೊಂಡು ಹಾರಿದ್ದರಿಂದ ಅದಕ್ಕೆ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ಮೇಲಕ್ಕೆ ಎತ್ತಿದ ರೆಕ್ಕೆತುದಿಗಳು, ರೆಕ್ಕೆಗಿಂತ ಕಡಿಮೆ ಕೋನದಲ್ಲಿ ಕೂರಿಸಿದ ಅಡ್ಡಬಾಲ: ಪೆನೋ ಕಂಡುಕೊಂಡ ಈ ಉಪಾಯಗಳು ಇವತ್ತಿನ ಫೋಮ್ ವಿಮಾನದಲ್ಲೂ ಹಾಗೆಯೇ ಇವೆ. ಪೆನೋ ಮಾದರಿಯ ರಬ್ಬರ್ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ತಂದೆ ಮನೆಗೆ ತಂದುಕೊಟ್ಟದ್ದೇ ರೈಟ್ ಸೋದರರಿಗೆ ಹಾರಾಟದ ಗೀಳು ಹಿಡಿಸಿತು.

ರೇಡಿಯೊ ನಿಯಂತ್ರಣ ಬಂದದ್ದು 1930ರ ದಶಕದಲ್ಲಿ. ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಲಮಝೂ ಊರಿನ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ 1937ರಲ್ಲಿ ಹಾರಿಸಿದ 'ಗಫ್' ಈ ಬಗೆಯ ಮೊದಲ ಯಶಸ್ವಿ ವಿಮಾನಗಳಲ್ಲಿ ಒಂದು; ಅದು ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆ ಕಾಲದ ಮಾದರಿಗಳಿಗೆ ಪೆಟ್ರೋಲ್ ಎಂಜಿನ್ ಬೇಕಿತ್ತು. ವಿದ್ಯುತ್ ಮೋಟಾರಿನ ರೇಡಿಯೊ ವಿಮಾನ ಹಾರಿದ ಮೊದಲ ಅಧಿಕೃತ ದಾಖಲೆ 1957ರ ಜೂನ್ 30ರದ್ದು. ಇಂಗ್ಲೆಂಡಿನ ಕರ್ನಲ್ ಎಚ್. ಜೆ. ಟ್ಯಾಪ್ಲಿನ್ ತಮ್ಮ 'ರೇಡಿಯೊ ಕ್ವೀನ್' ವಿಮಾನವನ್ನು ಬೆಳ್ಳಿ-ಸತು ಬ್ಯಾಟರಿಯಿಂದ ಹಾರಿಸಿದರು. ಆದರೂ ಮುಂದೆ ದಶಕಗಳ ಕಾಲ ಬ್ಯಾಟರಿಯ ಭಾರವೇ ಎಲ್ಲದಕ್ಕೂ ಅಡ್ಡಿಯಾಯಿತು.

ಒಡಲಿನ ಕಥೆ ಬೇರೆ. ಬಹುಕಾಲ ಮಾದರಿಗಳನ್ನು ಕಟ್ಟುತ್ತಿದ್ದುದು ಬಾಲ್ಸಾ ಮರದಿಂದ. ತೆಳ್ಳಗಿನ ಪಟ್ಟಿಗಳ ಹಂದರ ಕಟ್ಟಿ, ಮೇಲೆ ತೆಳುಕಾಗದ ಅಥವಾ ರೇಷ್ಮೆ ಹೊದಿಸಿ, ಮೆರುಗೆಣ್ಣೆ ಬಳಿದು ಬಿಗಿ ಮಾಡಬೇಕು. ಸುಂದರವಾದ ಕೆಲಸ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಕೂತು ಮಾಡಿದ್ದನ್ನು ಗಾಳಿಗೆ ಬಿಡಲು ಯಾರಿಗಾದರೂ ಕೈ ನಡುಗುತ್ತದೆ. ಹೊಸ ಆಕಾರ ಪರೀಕ್ಷಿಸುವ ಧೈರ್ಯವಂತೂ ಅಪರೂಪ. ಜರ್ಮನಿಯ ಬಿಎಎಸ್ಎಫ್ ಕಂಪನಿ 1950ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ಉಬ್ಬಿಸಿದ ಪಾಲಿಸ್ಟೈರೀನ್, ಅಂದರೆ ನಾವು ಥರ್ಮಾಕೋಲ್ ಎನ್ನುವ ವಸ್ತು, ನಿಧಾನವಾಗಿ ಈ ಲೋಕಕ್ಕೆ ನುಗ್ಗಿತು. 2000ದ ನಂತರ ಹಗುರವಾದ ಲಿಥಿಯಂ ಪಾಲಿಮರ್ (ಲೈಪೊ) ಬ್ಯಾಟರಿ, ಬ್ರಷ್‌ಲೆಸ್ ಮೋಟಾರು, 2.4 ಗಿಗಾಹರ್ಟ್ಸ್ ರೇಡಿಯೊ ಮೂರೂ ಕೈಗೆಟುಕುವ ಬೆಲೆಗೆ ಇಳಿದವು. ಆಮೇಲೆ ಫೋಮ್ ವಿಮಾನಕ್ಕೆ ತಡೆಯಿರಲಿಲ್ಲ. ಅಮೆರಿಕದ ಓಹಾಯೊ ರಾಜ್ಯದ 'ಫ್ಲೈಟ್ ಟೆಸ್ಟ್' ತಂಡ, ಅಲ್ಲಿನ ಅಗ್ಗದ ಮಳಿಗೆಗಳಲ್ಲಿ ಸಿಗುವ 20×30 ಅಂಗುಲದ ಫೋಮ್ ಬೋರ್ಡಿನಲ್ಲೇ ಇಡೀ ವಿಮಾನ ಕಟ್ಟುವ ನಕ್ಷೆಗಳನ್ನು ಉಚಿತವಾಗಿ ಹಂಚಿದ್ದರಿಂದ ಈ ಹವ್ಯಾಸ ಜಗತ್ತಿನ ಮೂಲೆಮೂಲೆಗೆ ಹಬ್ಬಿತು.

ಫೋಮಿನ ಬಗೆಗಳು

ಎಲ್ಲ ಫೋಮೂ ಒಂದೇ ಅಲ್ಲ. ಥರ್ಮಾಕೋಲ್ ಅತಿ ಹಗುರ, ಎಲ್ಲ ಊರಿನ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಕಾಳುಕಾಳಾಗಿ ಉದುರುತ್ತದೆ, ಪಟ್ಟನೆ ಮುರಿಯುತ್ತದೆ. ದಪ್ಪ ಗಟ್ಟಿಯಿಂದ ಬಿಸಿತಂತಿಯಲ್ಲಿ ರೆಕ್ಕೆ ಕೊಯ್ಯಲು ಅದು ಸೂಕ್ತ. ಅದೇ ಪಾಲಿಸ್ಟೈರೀನನ್ನು ಯಂತ್ರದಲ್ಲಿ ಒತ್ತಿ ಹಾಳೆ ಮಾಡಿದರೆ ನುಣುಪಾದ, ಸಮಕಣದ ವಸ್ತು ಸಿಗುತ್ತದೆ. 3 ಮತ್ತು 6 ಮಿ.ಮೀ. ದಪ್ಪದ ಡೆಪ್ರಾನ್ ಹಾಳೆ ಇದೇ ಜಾತಿಯದು. ಚಪ್ಪಟೆ ಒಡಲಿನ ಜೆಟ್ ಮಾದರಿಗಳಿಗೆ, ಕಸರತ್ತು ಮಾಡುವ ವಿಮಾನಗಳಿಗೆ ಅದನ್ನು ಮೀರಿದ್ದಿಲ್ಲ. ಉಬ್ಬಿಸಿದ ಪಾಲಿಪ್ರೊಪಿಲೀನ್ ರಬ್ಬರಿನಂತೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಗೋಡೆಗೆ ಹೊಡೆದರೂ ಬದುಕುವ ಬಾಲವಿಲ್ಲದ ವಿಮಾನಗಳನ್ನು ಅದರಲ್ಲೇ ಮಾಡುತ್ತಾರೆ. ತಾನಾಗಿ ಗಡಸು ನಿಲ್ಲದ ಕಾರಣ ಅದಕ್ಕೆ ಕಾರ್ಬನ್ ಕಡ್ಡಿಯ ಬೆನ್ನೆಲುಬು ಬೇಕೇ ಬೇಕು.

ಮೊದಲ ವಿಮಾನಕ್ಕೆ ಎರಡೂ ಬದಿ ಕಾಗದ ಅಂಟಿಸಿದ 5 ಮಿ.ಮೀ. ಫೋಮ್ ಬೋರ್ಡೇ ಸರಿ. ಅದರ ಗಡಸುತನವೆಲ್ಲ ಕಾಗದದಲ್ಲಿದೆ. ಹಾಳೆಯನ್ನು ಬಗ್ಗಿಸಿದಾಗ ಒಂದು ಬದಿಯ ಕಾಗದ ಎಳೆತವನ್ನೂ ಇನ್ನೊಂದು ಬದಿ ಒತ್ತಡವನ್ನೂ ತಡೆಯುತ್ತದೆ. ನಡುವಿನ ಫೋಮ್ ಆ ಎರಡು ಪದರಗಳನ್ನು ದೂರ ಹಿಡಿದಿಡುತ್ತದೆ. ಒಳ್ಳೆಯ ಹಾಳೆ ಚದರ ಮೀಟರಿಗೆ 300 ಗ್ರಾಂ ಆಸುಪಾಸು ತೂಗುತ್ತದೆ. ನಮ್ಮ ಊರುಗಳಲ್ಲಿ ಒಂದು ಎಚ್ಚರ ಬೇಕು: ಸನ್‌ಬೋರ್ಡ್ ಎಂದು ಕೇಳಿದರೆ ಜಾಹೀರಾತು ಫಲಕ ಮಾಡುವ ಪಿವಿಸಿ ಹಾಳೆ ಕೈಗೆ ಬರುವುದುಂಟು. ನೋಡಲು ಅದೇ ದಪ್ಪ, ಅದೇ ಬಿಳುಪು, ತೂಕ ಮಾತ್ರ ಹಲವು ಪಟ್ಟು. ಅದರಲ್ಲಿ ಕಟ್ಟಿದ್ದು ಏಳುವುದಿಲ್ಲ. ಅಂಗಡಿಗೆ ಹೋಗುವಾಗ ಚಿಕ್ಕ ಡಿಜಿಟಲ್ ತಕ್ಕಡಿ ಜೊತೆಗಿರಲಿ.

ಅಂಟಿನ ಆಯ್ಕೆಯೂ ಫೋಮನ್ನೇ ಅವಲಂಬಿಸಿದೆ. ಫೆವಿಕ್ವಿಕ್‌ನಂಥ ಅಂಟಿನ ಒಂದು ಹನಿ ಬಿದ್ದರೆ ಥರ್ಮಾಕೋಲ್ ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ. ಪೆಟ್ರೋಲ್, ಥಿನ್ನರ್, ಸ್ಪ್ರೇ ಬಣ್ಣಗಳದ್ದೂ ಅದೇ ಪಾಡು. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ, ಕಡಿಮೆ ಬಿಸಿಯ ಗ್ಲೂ ಗನ್, ಅವಸರವಿಲ್ಲದ ಕಡೆ ಫೆವಿಕಾಲ್ ನಿರಪಾಯ. ಪಾಲಿಪ್ರೊಪಿಲೀನ್ ಫೋಮಿಗೆ ಫೆವಿಕ್ವಿಕ್ ಏನೂ ಮಾಡುವುದಿಲ್ಲ.

ತೂಕದ ಲೆಕ್ಕ

ವಿನ್ಯಾಸ ಶುರುವಾಗಬೇಕಾದದ್ದು ಆಕಾರದಿಂದಲ್ಲ, ತೂಕದಿಂದ. ಹೊಸಬರು ಮೊದಲು ಚಂದದ ಚಿತ್ರ ಬರೆದು ಆಮೇಲೆ ಅದಕ್ಕೆ ಮೋಟಾರು ಹುಡುಕುತ್ತಾರೆ. ಏಳದ ವಿಮಾನಗಳಲ್ಲಿ ಹೆಚ್ಚಿನವು ಹೀಗೆ ಹುಟ್ಟಿದವು. ಮೊದಲು ಒಳಗೆ ಕೂರುವ ಸಾಮಾನಿನ ಪಟ್ಟಿ ಮಾಡಿ, ಒಂದೊಂದನ್ನೂ ತೂಗಿ ಬರೆದಿಟ್ಟುಕೊಳ್ಳಬೇಕು. ಕಲಿಕೆಯ ವಿಮಾನವೊಂದಕ್ಕೆ ಸಾಮಾನ್ಯವಾಗಿ ಬಳಸುವ 2212 ಅಳತೆಯ ಮೋಟಾರು 50 ಗ್ರಾಂ, ಅದರ ವೇಗ ನಿಯಂತ್ರಿಸುವ 30 ಆಂಪಿಯರ್ ಇಎಸ್‌ಸಿ 25, ಮೂರು ಸೆಲ್ಲಿನ 2200 ಮಿಲಿಆಂಪಿಯರ್-ಗಂಟೆ ಲೈಪೊ ಬ್ಯಾಟರಿ 180, ರೆಕ್ಕೆ-ಬಾಲಗಳ ಅಲುಗುವ ಭಾಗಗಳನ್ನು ಎಳೆಯುವ ನಾಲ್ಕು ಪುಟ್ಟ ಸರ್ವೋ ತಲಾ 9ರಂತೆ 36, ರಿಸೀವರ್ 15, ಪ್ರೊಪೆಲ್ಲರ್ ಮತ್ತು ಅದರ ಬಿಗಿಗಳು 15, ತಂತಿ-ಕಡ್ಡಿಗಳು 20. ಒಟ್ಟು 341 ಗ್ರಾಂ ಆಯಿತು. ಫೋಮ್, ಅಂಟು, ಟೇಪು, ಬಿದಿರುಕಡ್ಡಿಗೆ 250 ಗ್ರಾಂ ಇಟ್ಟರೆ ವಿಮಾನದ ತೂಕ 600 ಗ್ರಾಂ ಹತ್ತಿರ ಬರುತ್ತದೆ. ಮುಂದಿನ ಲೆಕ್ಕಗಳೆಲ್ಲ ಈ 600 ಗ್ರಾಂ ವಿಮಾನದ್ದು.

ಇಷ್ಟು ತೂಕವನ್ನು ಎಷ್ಟು ದೊಡ್ಡ ರೆಕ್ಕೆ ಹೊರಬೇಕು? ಹವ್ಯಾಸಿಗಳು ಇದನ್ನು ರೆಕ್ಕೆಯ ಒಂದು ಚದರ ಡೆಸಿಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. ಈ ಗಾತ್ರದ ಕಲಿಕೆಯ ವಿಮಾನಕ್ಕೆ 30 ಗ್ರಾಂ ಒಳ್ಳೆಯ ಗುರಿ. 50 ದಾಟಿದರೆ ಹಾರಿಸುವವರ ಕೈ ಪಳಗಿರಬೇಕು. 600ನ್ನು 30ರಿಂದ ಭಾಗಿಸಿದರೆ 20 ಚದರ ಡೆಸಿಮೀಟರ್. ತುದಿಯಿಂದ ತುದಿಗೆ ಒಂದು ಮೀಟರ್, ಮುಂಚಿನಿಂದ (ಮುಂದಿನ ಅಂಚಿನಿಂದ) ಹಿಂಚಿಗೆ (ಹಿಂದಿನ ಅಂಚಿಗೆ) 20 ಸೆಂ.ಮೀ. ಅಗಲದ ಆಯತದ ರೆಕ್ಕೆ ಸರಿಯಾಗಿ ಅಷ್ಟಾಗುತ್ತದೆ. ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತ ಇಲ್ಲಿ 5. ಇನ್ನೂ ಉದ್ದ, ಕಿರಿದು ಮಾಡಿದರೆ ತೇಲುವ ಗುಣ ಹೆಚ್ಚುತ್ತದೆ, ಆದರೆ ಫೋಮಿನ ರೆಕ್ಕೆ ತಿರುಚಿಕೊಳ್ಳಲು ಶುರುಮಾಡುತ್ತದೆ. 5ರಿಂದ 6ರ ನಡುವೆ ನಿಲ್ಲುವುದು ಜಾಣತನ.

ತೂಕ ಮತ್ತು ರೆಕ್ಕೆಯ ವಿಸ್ತೀರ್ಣ ಗೊತ್ತಾದರೆ ವಿಮಾನ ಬೀಳದೆ ಹಾರುವ ಕನಿಷ್ಠ ವೇಗ ಗೊತ್ತಾಗುತ್ತದೆ. ಗಾಳಿಯ ಸಾಂದ್ರತೆ, ವೇಗದ ವರ್ಗ, ರೆಕ್ಕೆಯ ವಿಸ್ತೀರ್ಣ, ಲಿಫ್ಟ್ ಗುಣಾಂಕ ಇವುಗಳ ಗುಣಲಬ್ಧದ ಅರ್ಧವೇ ರೆಕ್ಕೆ ಹುಟ್ಟಿಸುವ ಎತ್ತುವ ಬಲ. ಸರಳ ಫೋಮ್ ರೆಕ್ಕೆಯ ಗರಿಷ್ಠ ಲಿಫ್ಟ್ ಗುಣಾಂಕವನ್ನು 1 ಎಂದು ಹಿಡಿಯಬಹುದು. ಮಂಗಳೂರಿನ ಕಡಲತೀರದಲ್ಲಿ ಈ ವಿಮಾನ ಸೆಕೆಂಡಿಗೆ ಸುಮಾರು 7.1 ಮೀಟರ್ ವೇಗದಲ್ಲಿ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವುದನ್ನು ನಿಲ್ಲಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು. ಅಲ್ಲಿ ಅದೇ ವಿಮಾನಕ್ಕೆ 7.5 ಮೀಟರ್, ಅಂದರೆ ಗಂಟೆಗೆ 27 ಕಿ.ಮೀ. ಬೇಕು. ವ್ಯತ್ಯಾಸ ಸಣ್ಣದೇ, ಆದರೆ ಅಲ್ಲಿ ತೂಕವನ್ನು 1,000 ಗ್ರಾಂಗೆ ಏರಲು ಬಿಟ್ಟರೆ ಸ್ಟಾಲ್ ವೇಗ ಗಂಟೆಗೆ 35 ಕಿ.ಮೀ. ಆಗುತ್ತದೆ. ಆಗ ಕೈಯಿಂದ ಎಸೆದು ಹಾರಿಸುವುದೇ ಕಷ್ಟ.

ರೆಕ್ಕೆ

ಗಾಳಿಯಲ್ಲಿ ಚಲಿಸುವ ವಸ್ತುವಿನ ಗಾತ್ರ ಮತ್ತು ವೇಗ ಕಡಿಮೆಯಾದಂತೆ ಗಾಳಿಯ ಅಂಟುಗುಣದ ಪ್ರಭಾವ ಹೆಚ್ಚುತ್ತದೆ. ಇದನ್ನು ಹೇಳುವ ರೆನಾಲ್ಡ್ಸ್ ಸಂಖ್ಯೆ ಪ್ರಯಾಣಿಕರ ಜೆಟ್ ವಿಮಾನದ ರೆಕ್ಕೆಗೆ ಕೋಟಿಗಳಲ್ಲಿರುತ್ತದೆ. ನಮ್ಮ 20 ಸೆಂ.ಮೀ. ರೆಕ್ಕೆಗೆ ಒಂದು ಲಕ್ಷದ ಆಸುಪಾಸು. ಅದಕ್ಕೇ ದೊಡ್ಡ ವಿಮಾನದ ದಪ್ಪ ರೆಕ್ಕೆಯ ಆಕಾರವನ್ನು ಚಿಕ್ಕದು ಮಾಡಿ ನಕಲಿಸಿದರೆ ಫಲವಿಲ್ಲ. ಈ ಅಳತೆಯಲ್ಲಿ ತೆಳ್ಳಗಿನ, ಸ್ವಲ್ಪ ಬಾಗಿದ ಆಕಾರವೇ ಚೆನ್ನಾಗಿ ಹಾರುತ್ತದೆ. ಬರೀ ಚಪ್ಪಟೆ ಹಾಳೆಯೂ ಹಾರುತ್ತದೆ, ಕಸರತ್ತಿನ ವಿಮಾನಗಳಲ್ಲಿ ಬೇಕೆಂದೇ ಅದನ್ನು ಬಳಸುತ್ತಾರೆ. ಆದರೆ ಅದು ಬ್ಯಾಟರಿಯನ್ನು ಬೇಗ ತಿಂದುಹಾಕುತ್ತದೆ.

ಫೋಮ್ ಬೋರ್ಡಿನ ರೆಕ್ಕೆಗೆ ಹಾಳೆಯನ್ನು ಮಡಿಸುವ ವಿಧಾನ ಹೆಚ್ಚು ಬಳಕೆಯಲ್ಲಿದೆ. ಕೆಳಹಾಳೆ ಚಪ್ಪಟೆ, ಮೇಲ್ಹಾಳೆಯ ಒಳಬದಿಯ ಕಾಗದವನ್ನು ಸುಲಿದು, ಮೇಜಿನ ಅಂಚಿಗೆ ಎಳೆದು ಬಾಗಿಸಿ, ನಡುವೆ ಫೋಮಿನದೇ ಪಟ್ಟಿಯನ್ನು ಆಧಾರ ಕೊಟ್ಟು ಮಡಿಸಿ ಅಂಟಿಸಿದರೆ ಮೇಲೆ ಉಬ್ಬಿದ, ಕೆಳಗೆ ಸಮತಟ್ಟಾದ ರೆಕ್ಕೆ ಸಿದ್ಧ. ಇನ್ನೊಂದು ವಿಧಾನ ರಿಚರ್ಡ್ ಕ್ಲೈನ್ ಮತ್ತು ಫ್ಲಾಯ್ಡ್ ಫೋಗಲ್‌ಮನ್ ಅವರ ಮೆಟ್ಟಿಲು ರೆಕ್ಕೆ. ಕ್ಲೈನ್ ಅದನ್ನು ಕಂಡುಕೊಂಡದ್ದು ಕಾಗದದ ವಿಮಾನ ಮಡಿಸುತ್ತ. ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ರೆಕ್ಕೆಯ ಮೇಲೆ, ಮುಂಚಿನಿಂದ ಅರ್ಧ ಅಗಲದವರೆಗೆ ಇನ್ನೊಂದು ಪದರ ಅಂಟಿಸಿದರೆ ಸಾಕು, ಅಲ್ಲಿ ಒಂದು ಮೆಟ್ಟಿಲು ಬೀಳುತ್ತದೆ. ದೊಡ್ಡ ವಿಮಾನಗಳಿಗೆ ಇದರಿಂದ ಲಾಭವೇನೂ ಆಗಲಿಲ್ಲ. ಆದರೆ ಬಾಗಿಸುವ ಕಷ್ಟವಿಲ್ಲದೆ, ಗಡಸಾದ, ಸ್ಟಾಲ್ ಆಗುವಾಗ ದಿಢೀರನೆ ಮಗುಚದ ರೆಕ್ಕೆಯನ್ನು ಎರಡು ಹಾಳೆಗಳಿಂದ ಪಡೆಯುವ ಹವ್ಯಾಸಿಗೆ ಇದು ನಿಜಕ್ಕೂ ಉಪಕಾರಿ. ಮೂರನೆಯದು ಬಿಸಿತಂತಿಯ ದಾರಿ: ಥರ್ಮಾಕೋಲ್ ಗಟ್ಟಿಯ ಎರಡೂ ಕೊನೆಗೆ ರೆಕ್ಕೆಯ ಅಡ್ಡಸೀಳಿನ ಪಡಿಯಚ್ಚು ಅಂಟಿಸಿ, ಬಿಲ್ಲಿಗೆ ಬಿಗಿದ ನೈಕ್ರೋಮ್ ತಂತಿಗೆ ಕಡಿಮೆ ವೋಲ್ಟೇಜಿನ ವಿದ್ಯುತ್ ಹರಿಸಿ ಕೊಯ್ಯುವುದು. ಹೊಗೆ ಏಳುವುದರಿಂದ ಬಯಲಲ್ಲೇ ಮಾಡಬೇಕು.

ರೆಕ್ಕೆಯ ಎರಡು ಅರ್ಧಗಳನ್ನು ತುದಿಯತ್ತ ಸ್ವಲ್ಪ ಮೇಲಕ್ಕೆ ಎತ್ತಿ ಜೋಡಿಸಿದರೆ ವಿಮಾನ ಒಂದು ಬದಿಗೆ ವಾಲಿದಾಗ ತಾನಾಗಿ ನೇರವಾಗುತ್ತದೆ. ಏಲರಾನ್ (ರೆಕ್ಕೆಯ ಹಿಂಚಿನ ಅಲುಗುವ ಪಟ್ಟಿ) ಇಲ್ಲದೆ ಬರೀ ರಡ್ಡರಿನಿಂದ (ನೆಟ್ಟಗಿನ ಬಾಲದ ಅಲುಗುವ ಭಾಗದಿಂದ) ತಿರುಗುವ ವಿಮಾನಕ್ಕೆ ಪ್ರತಿ ಬದಿಯಲ್ಲಿ 5 ಡಿಗ್ರಿ ಅಥವಾ ಹೆಚ್ಚು ಬೇಕು. ನಮ್ಮ ಅರ್ಧ ಮೀಟರ್ ರೆಕ್ಕೆಗೆ 5 ಡಿಗ್ರಿ ಅಂದರೆ ತುದಿ 44 ಮಿ.ಮೀ. ಮೇಲಿರಬೇಕು. ಏಲರಾನ್ ಇದ್ದರೆ ಒಂದೆರಡು ಡಿಗ್ರಿ ಸಾಕು.

ಬಾಲ ಮತ್ತು ಗುರುತ್ವ ಕೇಂದ್ರ

ಅಡ್ಡಬಾಲದ ಕೆಲಸ ಮೂತಿ ಮೇಲೆ ಕೆಳಗೆ ಹೋಗದಂತೆ ಹಿಡಿಯುವುದು. ಅದು ಎಷ್ಟು ದೊಡ್ಡದಿರಬೇಕು ಎಂಬುದು ರೆಕ್ಕೆಯಿಂದ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ. ಬಾಲದ ವಿಸ್ತೀರ್ಣವನ್ನು ಆ ದೂರದಿಂದ ಗುಣಿಸಿ, ರೆಕ್ಕೆಯ ವಿಸ್ತೀರ್ಣ ಮತ್ತು ಅಗಲದ ಗುಣಲಬ್ಧದಿಂದ ಭಾಗಿಸಿದಾಗ ಬರುವ ಸಂಖ್ಯೆ 0.5ರ ಆಸುಪಾಸು ಇರಬೇಕು. ನಮ್ಮ ವಿಮಾನದಲ್ಲಿ ಬಾಲ ಅರ್ಧ ಮೀಟರ್ ಹಿಂದಿದ್ದರೆ ಅಡ್ಡಬಾಲಕ್ಕೆ 4 ಚದರ ಡೆಸಿಮೀಟರ್ ಬೇಕು, ಅಂದರೆ ರೆಕ್ಕೆಯ ಐದನೆಯ ಒಂದು ಭಾಗ. ನೆಟ್ಟಗಿನ ಬಾಲಕ್ಕೂ ಇದೇ ಬಗೆಯ ಲೆಕ್ಕ. ಅಲ್ಲಿ ಅಗಲದ ಬದಲು ರೆಕ್ಕೆಯ ಉದ್ದ ಹಾಕಿ 0.04 ಹಿಡಿದರೆ 1.6 ಚದರ ಡೆಸಿಮೀಟರ್ ಬರುತ್ತದೆ. ಬಾಲವನ್ನು ಚಿಕ್ಕದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಯಾಕೆಂದರೆ ಹಾಗೆ ಚಂದ ಕಾಣುತ್ತದೆ. ಮಾಡಬಾರದು.

ಈ ಇಡೀ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಡಬೇಕೆಂದರೆ ಅದು ಗುರುತ್ವ ಕೇಂದ್ರದ್ದು. ಹವ್ಯಾಸಿಗಳ ಬಾಯಲ್ಲಿ ಇದು 'ಸಿಜಿ'. ಆಯತದ ರೆಕ್ಕೆಯಲ್ಲಿ ಮುಂಚಿನಿಂದ ಅಗಲದ ಶೇಕಡಾ 25ರಿಂದ 30ರ ನಡುವೆ, ಅಂದರೆ ನಮ್ಮ ವಿಮಾನದಲ್ಲಿ 50ರಿಂದ 60 ಮಿ.ಮೀ. ಹಿಂದೆ ಅದು ಬೀಳಬೇಕು. ಬ್ಯಾಟರಿ ಸಮೇತ ಎಲ್ಲ ಸಾಮಾನು ಕೂರಿಸಿದ ಮೇಲೆ ರೆಕ್ಕೆಯ ಅಡಿಯಲ್ಲಿ ಎರಡೂ ಬದಿ ಆ ಗುರುತಿನ ಮೇಲೆ ಬೆರಳ ತುದಿ ಇಟ್ಟು ವಿಮಾನವನ್ನು ಎತ್ತಿದಾಗ ಅದು ಮಟ್ಟವಾಗಿ, ಇಲ್ಲವೇ ಮೂತಿ ತುಸು ಕೆಳಗಾಗಿ ನಿಲ್ಲಬೇಕು. ಮೂತಿ ಭಾರವಾದ ವಿಮಾನ ಜಡವಾಗಿ ಹಾರುತ್ತದೆ, ಇಳಿಯುವಾಗ ವೇಗ ಹೆಚ್ಚು ಬೇಕಾಗುತ್ತದೆ, ಅಷ್ಟೇ. ಬಾಲ ಭಾರವಾದದ್ದು ಕೈಬಿಟ್ಟ ಕೂಡಲೇ ಮೂತಿ ಎತ್ತಿ, ಸ್ಟಾಲ್ ಆಗಿ, ಮಗುಚಿ ನೆಲಕ್ಕೆ ಬರುತ್ತದೆ. ಎಷ್ಟೇ ಪಳಗಿದ ಕೈಯಾದರೂ ಅದನ್ನು ಉಳಿಸಿಕೊಳ್ಳುವುದು ಕಷ್ಟ.

ಸಿಜಿಯನ್ನು ಸರಿದೂಗಿಸಲು ಸೀಸದ ತುಂಡು ಅಂಟಿಸುವುದು ಕೊನೆಯ ಉಪಾಯ. ಬ್ಯಾಟರಿಯನ್ನು ಸರಿಸುವುದೇ ಮೊದಲನೆಯದು. 600 ಗ್ರಾಂ ವಿಮಾನದ ಸಿಜಿ 10 ಮಿ.ಮೀ. ಮುಂದೆ ಬರಬೇಕಿದ್ದರೆ 180 ಗ್ರಾಂ ಬ್ಯಾಟರಿಯನ್ನು 33 ಮಿ.ಮೀ. ಮುಂದೆ ತಳ್ಳಬೇಕು. ಆದ್ದರಿಂದ ಒಡಲಿನಲ್ಲಿ ಬ್ಯಾಟರಿಗೆ ಬೇಕಾದ್ದಕ್ಕಿಂತ ಉದ್ದದ ಗೂಡು ಬಿಟ್ಟಿರಬೇಕು. ಬಾಲದ ಕಡೆ ಒಂದು ಗ್ರಾಂ ಅಂಟನ್ನೂ ಹೆಚ್ಚಿಗೆ ಹಾಕಬಾರದು ಎನ್ನುವುದು ಇದರಿಂದಲೇ: ಸಿಜಿಯಿಂದ ಬಾಲ 50 ಸೆಂ.ಮೀ., ಮೋಟಾರು 25 ಸೆಂ.ಮೀ. ದೂರವಿದ್ದರೆ ಹಿಂದೆ ಸೇರಿದ 10 ಗ್ರಾಂ ಸರಿದೂಗಲು ಮುಂದೆ 20 ಗ್ರಾಂ ಬೇಕು, ಅಲ್ಲಿಗೆ ವಿಮಾನದ ತೂಕ 30 ಗ್ರಾಂ ಏರಿತು.

ಮೋಟಾರು, ಬ್ಯಾಟರಿ

ಕಲಿಕೆಯ ವಿಮಾನಕ್ಕೆ ಪ್ರತಿ ಕಿಲೋಗೆ 200 ವ್ಯಾಟ್ ಎಂಬುದು ಅನುಭವದಿಂದ ಬಂದ ಲೆಕ್ಕ. 600 ಗ್ರಾಂಗೆ 120 ವ್ಯಾಟ್. ಮೂರು ಸೆಲ್ಲಿನ ಲೈಪೊ ಸರಾಸರಿ 11.1 ವೋಲ್ಟ್ ಕೊಡುವುದರಿಂದ 11 ಆಂಪಿಯರ್ ಹರಿಯಬೇಕು. ಮೋಟಾರಿನ ಮೇಲೆ ಬರೆದಿರುವ ಕೆವಿ ಎಂಬುದು ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷದಲ್ಲಿ ಎಷ್ಟು ಸುತ್ತು ಎಂಬ ಸಂಖ್ಯೆ. 1000 ಕೆವಿ ಮೋಟಾರು 11.1 ವೋಲ್ಟಿನಲ್ಲಿ ಬರಿದೆ ತಿರುಗಿದರೆ ನಿಮಿಷಕ್ಕೆ 11,100 ಸುತ್ತು. ಪ್ರೊಪೆಲ್ಲರಿನ ಭಾರ ಬಿದ್ದಾಗ 8,500ರ ಸುತ್ತಮುತ್ತ. 4.5 ಅಂಗುಲ ಪಿಚ್ಚಿನ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಅಷ್ಟು ದೂರ ಮುಂದೆ ಹೋಗುತ್ತದೆ, ಅಂದರೆ ಈ ಸುತ್ತಿನ ವೇಗದಲ್ಲಿ ಸೆಕೆಂಡಿಗೆ 16 ಮೀಟರ್. ಇದು ಸ್ಟಾಲ್ ವೇಗದ ಎರಡು ಪಟ್ಟಿಗಿಂತ ಹೆಚ್ಚಾದ್ದರಿಂದ ಜೋಡಿ ಸರಿಹೊಂದುತ್ತದೆ. ಬ್ಯಾಟರಿಯ ಶೇಕಡಾ 80ನ್ನು ಮಾತ್ರ ಬಳಸಿ, ಸರಾಸರಿ 8 ಆಂಪಿಯರಿನಲ್ಲಿ ಹಾರಿದರೆ 13 ನಿಮಿಷ ಸಿಗುತ್ತದೆ.

ಮೋಟಾರನ್ನು ನೇರ ಮುಂದಕ್ಕೆ ಕೂರಿಸುವುದಿಲ್ಲ. ಹಿಂದಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗುವ ಪ್ರೊಪೆಲ್ಲರ್ ವಿಮಾನವನ್ನು ಎಡಕ್ಕೆ ಎಳೆಯುತ್ತದೆ, ವೇಗ ಏರಿದಾಗ ಮೂತಿಯೂ ಮೇಲೇಳುತ್ತದೆ. ಎರಡು-ಮೂರು ಡಿಗ್ರಿ ಬಲಕ್ಕೆ, ಅಷ್ಟೇ ಕೆಳಕ್ಕೆ ಓರೆ ಮಾಡಿದರೆ ಈ ಎರಡೂ ದೋಷ ಹೋಗುತ್ತವೆ.

ಲೈಪೊ ಬ್ಯಾಟರಿಯ ಬಗ್ಗೆ ಸಲುಗೆ ಸಲ್ಲದು. ಪ್ರತಿ ಸೆಲ್ ತುಂಬಿದಾಗ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗಿಳಿದರೆ ಹಾಳು. ಸೆಲ್‌ಗಳನ್ನು ಸರಿದೂಗಿಸುವ ಚಾರ್ಜರಿನಲ್ಲೇ, ಕಣ್ಣೆದುರೇ ಇಟ್ಟುಕೊಂಡು ಚಾರ್ಜ್ ಮಾಡಬೇಕು. ಊದಿಕೊಂಡ ಬ್ಯಾಟರಿ ಬೆಂಕಿ ಹತ್ತುವ ವಸ್ತು, ಎಷ್ಟೇ ಬೆಲೆ ಕೊಟ್ಟಿದ್ದರೂ ಅದನ್ನು ಬಳಸಬಾರದು. ಮೇಜಿನ ಮೇಲೆ ಪರೀಕ್ಷೆ ಮಾಡುವಾಗಲೆಲ್ಲ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು; ಅದು ಬೆರಳನ್ನು ಎಲುಬಿನ ತನಕ ಸೀಳುತ್ತದೆ.

ಕತ್ತರಿಸಿ ಕಟ್ಟುವುದು

ಬೇಕಾದ ಉಪಕರಣ ಕಡಿಮೆ: ಉಕ್ಕಿನ ಸ್ಕೇಲು, ಹೊಸ ಅಲಗಿನ ಕಟರ್, ಗ್ಲೂ ಗನ್, ಪ್ಯಾಕಿಂಗ್ ಟೇಪು. ಅಲಗು ಮೊಂಡಾದರೆ ಫೋಮ್ ಕತ್ತರಿಸುವುದಿಲ್ಲ, ಹರಿಯುತ್ತದೆ. ಅಲಗನ್ನು ಆಗಾಗ ಮುರಿದು ಹೊಸ ಮೊನೆ ತರುತ್ತಿರಬೇಕು. ಕೆಲಸದ ಕೌಶಲವೆಲ್ಲ ಕಾಣುವುದು ಕೀಲುಗಳಲ್ಲಿ. ಏಲರಾನ್ ಬರುವ ಗೆರೆಯ ಉದ್ದಕ್ಕೂ ಮೇಲಿನ ಕಾಗದ ಮತ್ತು ಫೋಮನ್ನು ಸೀಳಿ, ಕೆಳಗಿನ ಕಾಗದವನ್ನು ಮುಟ್ಟದೆ ನಿಲ್ಲಿಸಬೇಕು. ಆಮೇಲೆ ಹಾಳೆಯನ್ನು ಆ ಗೆರೆಗೆ ಪೂರ್ತಿ ಹಿಂದಕ್ಕೆ ಮಡಿಸಿ, ತೆರೆದ ಫೋಮಿನ ಅಂಚನ್ನು 45 ಡಿಗ್ರಿ ಓರೆಗೆ ಕೊಯ್ದು ತೆಗೆಯಬೇಕು. ಉಳಿದ ಕಾಗದವೇ ಕೀಲು. ಓರೆ ಕೊಯ್ದ ಜಾಗದಿಂದಾಗಿ ಏಲರಾನ್ ಎರಡೂ ಕಡೆ ಸಲೀಸಾಗಿ ಆಡುತ್ತದೆ. ಕೀಲಿನ ಮೇಲೆ ಒಂದು ಪಟ್ಟಿ ಟೇಪು ಹಾಕಿದರೆ ಬಹುಕಾಲ ಬಾಳುತ್ತದೆ. ಕಾಗದ ತೇವ ಹೀರಿ ಬಿಡದಂತೆ ರೆಕ್ಕೆಯ ಮುಂಚಿಗೂ ಹೊಟ್ಟೆಗೂ ಟೇಪು ಹೊದಿಸುವುದು ಒಳ್ಳೆಯದು, ಬೆಳಗಿನ ಹುಲ್ಲಿನ ಇಬ್ಬನಿಯೇ ಸಾಕು ಫೋಮ್ ಬೋರ್ಡನ್ನು ಕೆಡಿಸಲು.

ಒಡಲು ನಾಲ್ಕು ಮಗ್ಗುಲಿನ ಪೆಟ್ಟಿಗೆ. ಮೂತಿಯಲ್ಲಿ 3 ಮಿ.ಮೀ. ಪ್ಲೈವುಡ್ ತುಂಡಿಗೆ ಮೋಟಾರು ಬಿಗಿಯುತ್ತಾರೆ. ರೆಕ್ಕೆಯನ್ನು ಒಡಲಿಗೆ ಅಂಟಿಸದೆ, ಅಡ್ಡ ತೂರಿಸಿದ ಬಿದಿರುಕಡ್ಡಿಗಳಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟುವ ಹಳೆಯ ಪದ್ಧತಿ ಇಂದಿಗೂ ಶ್ರೇಷ್ಠ. ನೆಲಕ್ಕೆ ಬಡಿದಾಗ ರೆಕ್ಕೆ ಕಳಚಿಕೊಳ್ಳುತ್ತದೆ, ಮುರಿಯುವುದಿಲ್ಲ. ಸರ್ವೋದಿಂದ ಏಲರಾನಿಗೆ, ಅಡ್ಡಬಾಲದ ಅಲುಗುವ ಭಾಗವಾದ ಎಲಿವೇಟರಿಗೆ ಎಳೆಯುವ ಉಕ್ಕಿನ ತಂತಿ ನೇರವಾಗಿರಬೇಕು. ಬಾಗುವ ತಂತಿ ಗಾಳಿಯ ಒತ್ತಡಕ್ಕೆ ಸೋಲುತ್ತದೆ.

ಮೊದಲ ಹಾರಾಟ

ವಿಮಾನದ ಹಿಂದೆ ನಿಂತು ಪರೀಕ್ಷಿಸಬೇಕು: ಟ್ರಾನ್ಸ್‌ಮಿಟರಿನ ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ಏಲರಾನ್ ಮೇಲೇಳಬೇಕು, ತನ್ನತ್ತ ಎಳೆದರೆ ಎಲಿವೇಟರ್ ಮೇಲೇಳಬೇಕು, ರಡ್ಡರ್ ಸ್ಟಿಕ್ ಹೋದ ಕಡೆಗೇ ಹೊರಳಬೇಕು. ಹೊಸ ವಿಮಾನಗಳು ಮೊದಲ ಎಸೆತದಲ್ಲೇ ಬೀಳುವುದಕ್ಕೆ ತಿರುಗುಮುರುಗಾದ ಏಲರಾನ್ ದೊಡ್ಡ ಕಾರಣ. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟಾರು ನಿಲ್ಲುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಏಲರಾನ್, ಎಲಿವೇಟರ್ ಎರಡಕ್ಕೂ ಮೇಲೆ ಕೆಳಗೆ 10-12 ಮಿ.ಮೀ. ಚಲನೆ ಮೊದಲಿಗೆ ಸಾಕು.

ಗಾಳಿ ಇಲ್ಲದ ಬೆಳಗಿನ ಹೊತ್ತು, ಎತ್ತರ ಹುಲ್ಲಿನ ಮೈದಾನ ಆರಿಸಿಕೊಳ್ಳಬೇಕು. ಒಬ್ಬರು ಎಸೆಯಲಿ, ಇನ್ನೊಬ್ಬರು ಎರಡೂ ಕೈಯಲ್ಲಿ ಟ್ರಾನ್ಸ್‌ಮಿಟರ್ ಹಿಡಿದಿರಲಿ. ಎಸೆಯುವುದು ಗಾಳಿಗೆ ಎದುರಾಗಿ, ಮಟ್ಟವಾಗಿ; ಮೇಲಕ್ಕೆ ಗುರಿಯಿಟ್ಟು ಎಸೆದರೆ ಸ್ಟಾಲ್ ಆಗುತ್ತದೆ. ಮುಕ್ಕಾಲು ಶಕ್ತಿಯಲ್ಲಿ ಏರಿಸಿ, ಕನಿಷ್ಠ 30 ಮೀಟರ್ ಮೇಲೆ ಹೋದ ನಂತರವೇ ತಿರುಗಿಸಬೇಕು. ಸ್ಟಿಕ್ ಬಿಟ್ಟಾಗಲೂ ವಿಮಾನ ನೇರ ಹೋಗುವಂತೆ ಟ್ರಾನ್ಸ್‌ಮಿಟರಿನ ಟ್ರಿಮ್ ತಿದ್ದಿ, ಮೋಟಾರು ನಿಲ್ಲಿಸಿ ಹೇಗೆ ತೇಲುತ್ತದೆಂದು ನೋಡಬೇಕು. ಅಲ್ಲಿ ಮೂತಿ ಏರುತ್ತ ಬೀಳುತ್ತ ತೂಗಿದರೆ ಮತ್ತೆ ಸಿಜಿಯನ್ನೇ ಅನುಮಾನಿಸಬೇಕು. ವಿಮಾನ ತನ್ನತ್ತ ಬರುವಾಗ ಎಡಬಲ ಅದಲುಬದಲಾಗಿ ಕಾಣುವುದು ಕಲಿಯುವವರಿಗೆ ಬಹಳ ಕಷ್ಟ ಕೊಡುತ್ತದೆ. ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕೈ ಪಳಗಿಸಿಕೊಂಡು ಮೈದಾನಕ್ಕೆ ಬಂದರೆ ಬಹಳಷ್ಟು ಫೋಮ್ ಉಳಿಯುತ್ತದೆ.

ಬಳಕೆ, ನಿಯಮ, ದುರಸ್ತಿ

ಹವ್ಯಾಸದ ಆಚೆಗೂ ಈ ವಿಮಾನಗಳಿಗೆ ಕೆಲಸವಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ವಿನ್ಯಾಸ ಸ್ಪರ್ಧೆಗಳಿಗೆ ಮೊದಲ ಮಾದರಿಯನ್ನು ಫೋಮಿನಲ್ಲೇ ಮಾಡಿ ನೋಡುತ್ತಾರೆ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಮಾದರಿ ವಿಮಾನ ತಯಾರಿ ತರಬೇತಿಯ ಭಾಗ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಅಭಿವೃದ್ಧಿಪಡಿಸಿದ, ಸುಮಾರು 30 ಸೆಂ.ಮೀ. ರೆಕ್ಕೆಯ 'ಬ್ಲ್ಯಾಕ್ ಕೈಟ್' ಎಂಬ ಪುಟ್ಟ ವಿಮಾನವೂ ಮೇಲೆ ಹೇಳಿದ ಕಡಿಮೆ ರೆನಾಲ್ಡ್ಸ್ ಸಂಖ್ಯೆಯ ಕಷ್ಟಗಳನ್ನೇ ಎದುರಿಸಬೇಕಾದ ಜಾತಿಯದು.

ಭಾರತದಲ್ಲಿ 2021ರ ಡ್ರೋನ್ ನಿಯಮಗಳು ತೂಕದ ಮೇಲೆ ವರ್ಗ ಮಾಡಿವೆ: 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕಿಲೋ ತನಕ ಮೈಕ್ರೋ. ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಹಸಿರು ಬಣ್ಣದ ಜಾಗಗಳಲ್ಲಿ ಸಾಮಾನ್ಯವಾಗಿ 400 ಅಡಿ ಎತ್ತರದ ಒಳಗೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಹಸಿರು ಇರುವುದಿಲ್ಲ. ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ, ಜಕ್ಕೂರು ಎಲ್ಲ ಇರುವ ಬೆಂಗಳೂರಿನವರು ನಕ್ಷೆ ನೋಡದೆ ಮೈದಾನಕ್ಕೆ ಹೋಗಲೇಬಾರದು. ಜನರ ಗುಂಪಿನ ಮೇಲೆ, ರಸ್ತೆಯ ಮೇಲೆ ಹಾರಿಸುವುದಂತೂ ನಿಯಮ ಇರಲಿ ಬಿಡಲಿ ತಪ್ಪು.

ಬಿದ್ದ ಫೋಮ್ ವಿಮಾನವನ್ನು ಬಹುಪಾಲು ಅಲ್ಲೇ ಮೈದಾನದಲ್ಲಿ ಸರಿಮಾಡಬಹುದು: ಬಿರುಕಿಗೆ ಅಂಟು, ಎರಡೂ ಬದಿ ಟೇಪು, ಬೇಕಿದ್ದರೆ ಒಂದು ಬಿದಿರುಕಡ್ಡಿ. ಪ್ರತಿ ದುರಸ್ತಿಯೂ ತೂಕ ಸೇರಿಸುವುದರಿಂದ ಪ್ರತಿ ಸಲವೂ ಸಿಜಿ ನೋಡಿಕೊಳ್ಳಬೇಕು. ಮೊದಲ ಸಲ ಕಟ್ಟುವವರು ಹಾಳೆ ಕತ್ತರಿಸುವ ದಿನವೇ ರೆಕ್ಕೆ, ಬಾಲ, ಒಡಲುಗಳನ್ನು ಎರಡೆರಡು ಜೊತೆ ಕತ್ತರಿಸಿಟ್ಟುಕೊಳ್ಳಲಿ. ಎರಡನೆಯ ಜೊತೆ ಬೇಕಾಗುತ್ತದೆ.